ಬಿ.ಎ. ಸಮಾಜಶಾಸ್ತ್ರ ಮತ್ತು ನಮ್ಮ ಗಲ್ಲಿ

ಪಿಯುಸಿ ಮುಗಿಸಿದ ಮಕ್ಕಳು ಇಂಜಿನಿಯರಿಂಗ್‌ಗೆ ಸೇರಿದರೆ ನೆಂಟರಿಷ್ಟರು ಮಿಠಾಯಿ ಕೇಳುತ್ತಾರೆ. ಬಿ.ಕಾಂ.ಗೆ ಸೇರಿದರೆ ‘ಪರವಾಗಿಲ್ಲ, ಅಂಗಡಿಯ ಲೆಕ್ಕ ಬರೆಯಲಾದರೂ ಆಗುತ್ತದೆ’ ಎನ್ನುತ್ತಾರೆ. ಬಿ.ಎ.ಗೆ ಸೇರಿದರೆ ‘ಮುಂದೇನು?’ ಎಂದು ಕೇಳುತ್ತಾರೆ. ಅದರಲ್ಲೂ ಸಮಾಜಶಾಸ್ತ್ರ ಎಂದರಂತೂ ಕೇಳಿದವರ ಮುಖದಲ್ಲಿ ಸಣ್ಣದೊಂದು ನಗು ಸುಳಿಯುತ್ತದೆ. ‘ಸಮಾಜ ನಮಗೆ ಗೊತ್ತಿಲ್ಲವೇ? ಅದನ್ನು ಕಾಲೇಜಿಗೆ ಹೋಗಿ, ಫೀಸು ಕಟ್ಟಿ ಓದಬೇಕೇ?’

ಇದು ದಡ್ಡ ಪ್ರಶ್ನೆಯಲ್ಲ. ಹುಟ್ಟಿದ ಗಲ್ಲಿ, ಮದುವೆಯಾಗಿ ಹೋದ ಮನೆ, ಮಸೀದಿ, ಸಂತೆ, ಪಡಿತರ ಅಂಗಡಿ, ಇವೆಲ್ಲ ಗೊತ್ತಿರುವವರಿಗೆ ಸಮಾಜವನ್ನು ಹೇಳಿಕೊಡಲು ಕಾಲೇಜು ಯಾಕೆ ಬೇಕು? ಸಮಾಜಶಾಸ್ತ್ರ ಓದಿ ಇಪ್ಪತ್ತೈದು ವರ್ಷಗಳಾದವು. ಆ ಓದು ನನಗೆ ನೌಕರಿ ಕೊಡಲಿಲ್ಲ. ಆದರೆ ಗೊತ್ತಿದೆ ಎಂದುಕೊಂಡದ್ದನ್ನು ಇನ್ನೊಮ್ಮೆ ನೋಡುವ ಕಣ್ಣು ಕೊಟ್ಟಿತು. ಕತೆ ಬರೆಯುವ ನನಗೆ ಅದು ಸಣ್ಣ ಸಂಗತಿಯಲ್ಲ.

ನಾನು ಡಿಗ್ರಿ ಓದಿದ್ದು 1990ರ ದಶಕದ ಕೊನೆಯಲ್ಲಿ, ತುಂಗಭದ್ರೆಯ ಆಚೀಚಿನ ಒಂದು ತಾಲೂಕು ಕೇಂದ್ರದಲ್ಲಿ. ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಮಾಧ್ಯಮ. ಕಾಲೇಜಿನಲ್ಲಿ ಇದ್ದದ್ದು ಎರಡೋ ಮೂರೋ ಕಾಂಬಿನೇಷನ್. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂಬುದರಲ್ಲಿ ಸೀಟು ಸುಲಭವಾಗಿ ಸಿಗುತ್ತಿತ್ತು. ಆ ತರಗತಿಯಲ್ಲಿ ನಾವು ಆರು ಜನ ಮುಸ್ಲಿಂ ಹುಡುಗಿಯರಿದ್ದೆವು. ಯಾರೂ ಆ ವಿಷಯವನ್ನು ಆರಿಸಿಕೊಂಡು ಬಂದವರಲ್ಲ. ನಿಕಾಹ್ ನಿಶ್ಚಯವಾಗುವವರೆಗೆ ಮನೆಯಲ್ಲಿ ಕೂರುವ ಬದಲು ಕಾಲೇಜಿಗೆ ಹೋಗಲಿ ಎಂದು ಕಳುಹಿಸಿದವರೇ ಹೆಚ್ಚು.

ಮೊದಲ ವರ್ಷ ಓದಿದ್ದೆಲ್ಲ ವ್ಯಾಖ್ಯೆಗಳು. ಸಮಾಜ ಎಂದರೇನು, ಸಮುದಾಯ ಎಂದರೇನು, ಪ್ರಾಥಮಿಕ ಸಮೂಹ ಎಂದರೇನು. ಐದು ಅಂಕದ ಪ್ರಶ್ನೆಗೆ ಎರಡು ವ್ಯಾಖ್ಯೆ, ಹದಿನೈದು ಅಂಕದ ಪ್ರಶ್ನೆಗೆ ನಾಲ್ಕು. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಸಿಗುತ್ತಿದ್ದ ಗೈಡಿನಲ್ಲಿ ಎಲ್ಲವೂ ತಯಾರಾಗಿ ಸಿಗುತ್ತಿದ್ದವು. ‘ಸಮಾಜಶಾಸ್ತ್ರದ ಪಿತಾಮಹ ಫ್ರಾನ್ಸಿನ ಆಗಸ್ಟ್ ಕಾಮ್ಟ್, ಈ ಪದವನ್ನು ಬಳಕೆಗೆ ತಂದದ್ದು 1838ರಲ್ಲಿ’ ಎಂಬುದು ಎಲ್ಲರಿಗೂ ಕಂಠಪಾಠ.

ಒಂದು ಸಂಜೆ ಇದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಅಬ್ಬಾ ‘ನಮ್ಮ ಉರ್ದುವಿನಲ್ಲಿ ಇದಕ್ಕೆ ಉಮ್ರಾನಿಯಾತ್ ಅಂತಾರೆ’ ಎಂದರು. ಅವರು ಹೆಚ್ಚು ಓದಿದವರಲ್ಲ, ಉರ್ದು ಪತ್ರಿಕೆ ಬಿಡದೆ ಓದುವವರು. ಆ ಪದದ ಬೆನ್ನು ಹತ್ತಿದಾಗ ಇಬ್ನ್ ಖಲ್ದೂನ್ ಸಿಕ್ಕರು. 1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿ, 1406ರಲ್ಲಿ ಕೈರೋದಲ್ಲಿ ತೀರಿಕೊಂಡ ಈ ಪಂಡಿತರು 1377ರಲ್ಲಿ ತಮ್ಮ ಇತಿಹಾಸ ಗ್ರಂಥಕ್ಕೆ ಬರೆದ ಪೀಠಿಕೆಯೇ ‘ಮುಕದ್ದಿಮಾ’. ರಾಜರು ಬಂದರು, ಹೋದರು ಎಂದು ಬರೆದರೆ ಅದು ಇತಿಹಾಸವಾಗುವುದಿಲ್ಲ. ಜನ ಹೇಗೆ ಒಟ್ಟಿಗೆ ಬಾಳುತ್ತಾರೆ, ಮರುಭೂಮಿಯ ಕುಲದವರನ್ನು ಕಟ್ಟಿಹಾಕುವ ಒಗ್ಗಟ್ಟು ನಗರಕ್ಕೆ ಬಂದು ಸುಖಕ್ಕೆ ಬಿದ್ದಮೇಲೆ ಏಕೆ ಸಡಿಲವಾಗುತ್ತದೆ ಎಂಬುದನ್ನು ತಿಳಿಯಬೇಕು ಎಂದು ಅವರು ವಾದಿಸಿದರು. ಆ ಒಗ್ಗಟ್ಟನ್ನು ‘ಅಸಬಿಯ್ಯಾ’ ಎಂದೂ, ಈ ಹೊಸ ವಿದ್ಯೆಯನ್ನು ಉಮ್ರಾನಿನ ವಿದ್ಯೆ ಎಂದೂ ಕರೆದರು. ಉಮ್ರಾನ್ ಎಂದರೆ ಜನವಸತಿ, ನೆಲೆಗೊಂಡ ಬದುಕು. ಕನ್ನಡಕ್ಕೂ ಬಂದಿರುವ ಇಮಾರತು, ಉರ್ದುವಿನ ತಾಮೀರ್, ವಯಸ್ಸು ಎನ್ನುವ ಅರ್ಥದ ಉಮ್ರ್ ಎಲ್ಲವೂ ಅದೇ ಅರಬ್ಬಿ ಧಾತುವಿನ ಮಕ್ಕಳು.

ಇದನ್ನು ಹೇಳುವುದು ‘ಎಲ್ಲವನ್ನೂ ಮೊದಲು ನಾವೇ ಕಂಡುಹಿಡಿದೆವು’ ಎಂದು ಎದೆ ತಟ್ಟಿಕೊಳ್ಳಲು ಅಲ್ಲ. ಆ ಅಭ್ಯಾಸದಿಂದ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿದೆ. ಇಬ್ನ್ ಖಲ್ದೂನ್ ನೋಡಿದ್ದು ತಮ್ಮ ಸುತ್ತಲಿನ ಮುಸ್ಲಿಂ ಸಮಾಜವನ್ನೇ. ಅದರ ಏಳು ಬೀಳುಗಳನ್ನು ಮುಚ್ಚುಮರೆಯಿಲ್ಲದೆ, ಕಾರಣ ಹುಡುಕಿ ಬರೆದರು. ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು ಅವರು ಮಾಡಿದ ಕೆಲಸವನ್ನು ನಮ್ಮ ಮೊಹಲ್ಲಾದಲ್ಲಿ ಎಷ್ಟು ಮಾಡಿದ್ದೇವೆ?

ಎರಡನೆಯ ವರ್ಷ ಭಾರತೀಯ ಸಮಾಜದ ಪತ್ರಿಕೆ ಬಂತು. ಅದರಲ್ಲಿ ‘ಮುಸ್ಲಿಂ ವಿವಾಹ’ ಎಂದು ಒಂದು ಪಾಠ. ಹಿಂದೂ ವಿವಾಹ ಒಂದು ಸಂಸ್ಕಾರ, ಮುಸ್ಲಿಂ ವಿವಾಹ ಒಂದು ಒಪ್ಪಂದ ಎಂದು ಶುರುವಾಗಿ ಬಹುಪತ್ನಿತ್ವ, ಮೆಹರ್, ತಲಾಖಿನ ವಿಧಗಳು, ಪರ್ದಾ ಎಂದು ಉಪಶೀರ್ಷಿಕೆಗಳು ಸಾಗುತ್ತಿದ್ದವು. ಆ ಪಾಠ ನಡೆಯುವಾಗ ಹುಡುಗರ ಸಾಲಿನಿಂದ ತಲೆಗಳು ನಮ್ಮ ಬೆಂಚಿನ ಕಡೆ ತಿರುಗುತ್ತಿದ್ದವು. ಬಾಟಲಿಯಲ್ಲಿಟ್ಟ ಕಪ್ಪೆಯನ್ನು ನೋಡುವ ಹಾಗೆ ಎಂದರೆ ಅತಿಯಾದೀತು. ಆದರೂ ಅಂಥದ್ದೇ ಒಂದು ಭಾವನೆ ನಮಗಾಗುತ್ತಿತ್ತು. ಪಾಠದಲ್ಲಿ ಬರೆದದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ನಮ್ಮ ಮನೆಯೂ ಆಗಿರಲಿಲ್ಲ. ನಾಲ್ಕು ಹೆಂಡಿರ ಮನೆಯನ್ನು ನಾವ್ಯಾರೂ ಕಂಡಿರಲಿಲ್ಲ. ಮೆಹರ್ ಎಂದರೆ ವರ ವಧುವಿಗೆ ಕೊಡುವ ಹಣ ಎಂದು ಬರೆದಿತ್ತು. ನಿಜ. ಆದರೆ ವಧುವಿನ ತಂದೆ ವರನಿಗೆ ಕೊಡುತ್ತಿದ್ದ ‘ಜೋಡೆ ಕಿ ರಕಮ್’ ಎಂಬ ವರದಕ್ಷಿಣೆಯ ಮಾತೇ ಪಾಠದಲ್ಲಿರಲಿಲ್ಲ. ನಮ್ಮ ಗಲ್ಲಿಯಲ್ಲಿ ಮೆಹರ್ ಕಾಗದದ ಮೇಲೆ ಉಳಿಯುತ್ತಿತ್ತು. ಜೋಡೆ ಕಿ ರಕಮ್ ಮಾತ್ರ ನಿಕಾಹಿಗೆ ಮುಂಚೆಯೇ ಸಂದಾಯವಾಗುತ್ತಿತ್ತು.

ನಮ್ಮ ಉಪನ್ಯಾಸಕರು ಒಳ್ಳೆಯವರು. ಪಾಠ ಮುಗಿಸಿ ಕನ್ನಡಕ ತೆಗೆದು, ‘ಇದೆಲ್ಲ ಪುಸ್ತಕದ ಮಾತು. ಮನೆಯಲ್ಲಿ ಏನು ನಡೆಯುತ್ತದೆ, ನೀವು ಹೇಳಿ’ ಎಂದರು. ನಾವು ಆರು ಜನರೂ ತಲೆ ತಗ್ಗಿಸಿ ಕೂತೆವು. ಆಗ ಅವರು ಹೇಳಿದ್ದು ಎಂ.ಎನ್. ಶ್ರೀನಿವಾಸರ ಮಾತು: ಭಾರತೀಯ ಸಮಾಜವನ್ನು ನೋಡಲು ಎರಡು ದಾರಿಗಳಿವೆ, ಒಂದು ಪುಸ್ತಕದ ನೋಟ, ಇನ್ನೊಂದು ಕ್ಷೇತ್ರದ ನೋಟ. ಗ್ರಂಥದಲ್ಲಿ ವರ್ಣಗಳು ನಾಲ್ಕು. ಹಳ್ಳಿಗೆ ಹೋದರೆ ಸಿಗುವುದು ಹತ್ತಾರು ಜಾತಿಗಳು, ಅವುಗಳ ನಡುವಿನ ಮೇಲು ಕೀಳಿನ ಜಗಳ, ಜಮೀನು ಯಾರ ಕೈಯಲ್ಲಿದೆಯೋ ಅವರ ದರ್ಬಾರು.

1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ ವಾಸವಿದ್ದು ಅಧ್ಯಯನ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು ರಾಂಪುರ. ವರ್ಷಗಟ್ಟಲೆ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಒಕ್ಕಲಿಗರ ಪ್ರಾಬಲ್ಯದ ಆ ಹಳ್ಳಿಯಲ್ಲಿ ಮುಸ್ಲಿಮರೂ ಇದ್ದರು. ತಾನು ಬ್ರಾಹ್ಮಣನಾದ್ದರಿಂದ, ಊರ ಪಟೇಲನ ಆಶ್ರಯದಲ್ಲಿದ್ದುದರಿಂದ, ಹಳ್ಳಿಯನ್ನು ಮೇಲಿನವರ ಕಣ್ಣಿನಿಂದಲೇ ಹೆಚ್ಚು ಕಂಡೆ ಎಂದು ಶ್ರೀನಿವಾಸರು ಅದರಲ್ಲಿ ಒಪ್ಪಿಕೊಳ್ಳುತ್ತಾರೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ನೋಟ ನಿಂತಿದೆ. ಹಾಗಾದರೆ ಮೊಹಲ್ಲಾದ ಒಳಗೆ ನಿಂತು ನೋಡುವವರು ಯಾರು?

ಮೂರನೆಯ ವರ್ಷ ಉಪನ್ಯಾಸಕರು ಪಠ್ಯಕ್ರಮದಲ್ಲಿ ಇಲ್ಲದ ಕೆಲಸವೊಂದನ್ನು ನಮಗೆ ಹಚ್ಚಿದರು. ಪ್ರತಿಯೊಬ್ಬರೂ ತಮ್ಮ ಬೀದಿಯ ನಲವತ್ತು ಮನೆಗಳಿಗೆ ಹೋಗಿ ಬರೆದುಕೊಂಡು ಬರಬೇಕು: ಮನೆಯಲ್ಲಿ ಎಷ್ಟು ಜನ, ಯಾರ ಕಸುಬು ಏನು, ಯಾರು ಎಷ್ಟು ಓದಿದ್ದಾರೆ, ಶಾಲೆ ಬಿಟ್ಟದ್ದು ಯಾವಾಗ, ಹೆಣ್ಣು ಕೊಟ್ಟದ್ದು ತಂದದ್ದು ಎಲ್ಲಿಂದ. ಇದಕ್ಕೆ ಅಂಕವಿರಲಿಲ್ಲ. ನಾನೂ ನನ್ನ ಗೆಳತಿಯೂ ಒಂದೇ ಗಲ್ಲಿಯವರಾದ್ದರಿಂದ ಜೊತೆಯಾಗಿ ಹೊರಟೆವು.

ನಮ್ಮನ್ನು ಚಿಕ್ಕಂದಿನಿಂದ ಕಂಡ ಮನೆಗಳು. ನೋಟುಬುಕ್ಕು ಹಿಡಿದು ಹೋದಾಗ ಮಾತ್ರ ನಾವು ಬೇರೆಯವರಾದೆವು. ‘ಸರ್ಕಾರದಿಂದ ಏನಾದರೂ ಕೊಡ್ತಾರಾ?’ ಎಂದು ಕೆಲವರು ಕೇಳಿದರು. ಚಹಾ ಕೊಟ್ಟು ‘ಇದನ್ನೆಲ್ಲ ಯಾಕೆ ಬರೀತೀರಿ?’ ಎಂದು ಕೆಲವರು ನಕ್ಕರು. ಹೆಣ್ಣುಮಕ್ಕಳ ಓದಿನ ಪ್ರಶ್ನೆಗೆ ಒಂದೇ ಉತ್ತರ ಮತ್ತೆ ಮತ್ತೆ ಬರುತ್ತಿತ್ತು: ‘ಏಳನೇ ತನಕ ಓದಿದಳು, ಆಮೇಲೆ ಅವಳಿಗೆ ಓದು ಹತ್ತಲಿಲ್ಲ.’ ಮೊದಲ ಐದು ಮನೆಗಳಲ್ಲಿ ಅದನ್ನು ಹಾಗೆಯೇ ಬರೆದುಕೊಂಡೆವು. ಹತ್ತನೆಯ ಮನೆಯಲ್ಲೂ ಅದೇ. ಇಪ್ಪತ್ತನೆಯ ಮನೆಯಲ್ಲಿ ಗೆಳತಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಇಷ್ಟು ಮನೆಗಳ ಹುಡುಗಿಯರಿಗೆಲ್ಲ ಸರಿಯಾಗಿ ಏಳನೆಯ ತರಗತಿಯ ಕೊನೆಗೇ ಓದು ಹತ್ತದೆ ಹೋಗುವುದು ಹೇಗೆ?

ಉತ್ತರ ನಮ್ಮ ಕಣ್ಣೆದುರಿಗೇ ಇತ್ತು. ಗಲ್ಲಿಯ ಉರ್ದು ಶಾಲೆ ಮುಗಿಯುತ್ತಿದ್ದದ್ದು ಏಳನೆಯ ತರಗತಿಗೆ. ಹೈಸ್ಕೂಲು ಕನ್ನಡ ಮಾಧ್ಯಮದ್ದು, ಲಾರಿ ಓಡಾಡುವ ಹೆದ್ದಾರಿಯ ಆಚೆ. ಭಾಷೆ ಬದಲಾಗುತ್ತಿತ್ತು, ದಾರಿ ಬದಲಾಗುತ್ತಿತ್ತು, ಜೊತೆಗೆ ಹೋಗುವವರು ಇರುತ್ತಿರಲಿಲ್ಲ. ಎಂಟನೆಯ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿ ಫೇಲಾದ ಹುಡುಗಿ ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ನಂಬಿಬಿಡುತ್ತಿದ್ದಳು. ಅಮ್ಮಂದಿರು ನಂಬುತ್ತಿದ್ದರು. ಹೊರಗಿನವರು ‘ಮುಸ್ಲಿಮರಿಗೆ ಓದು ಬೇಡ’ ಎನ್ನುತ್ತಿದ್ದರು. ಶಾಲೆ ಎಲ್ಲಿಗೆ ಮುಗಿಯುತ್ತದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರ ತಮ್ಮ ಪುಸ್ತಕವೊಂದರಲ್ಲಿ ಒಬ್ಬನ ಖಾಸಗಿ ತೊಂದರೆಯನ್ನೂ ಸಾರ್ವಜನಿಕ ಪ್ರಶ್ನೆಯನ್ನೂ ಬೇರೆ ಮಾಡಿ ತೋರಿಸುತ್ತಾರೆ. ಊರಿನಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಕೌಶಲ ನೋಡಬಹುದು. ಲಕ್ಷಗಟ್ಟಲೆ ಜನರಿಗೆ ಕೆಲಸವಿಲ್ಲದಿದ್ದರೆ ದೇಶದ ವ್ಯವಸ್ಥೆಯನ್ನೇ ನೋಡಬೇಕು. ಆ ಪುಸ್ತಕ ನನ್ನ ಕೈಗೆ ಬಂದದ್ದು ಬಹಳ ತಡವಾಗಿ. ಆದರೆ ಅದರ ಪಾಠ ಇಪ್ಪತ್ತನೆಯ ಮನೆಯ ಹೊಸ್ತಿಲಲ್ಲಿ ಆಗಿತ್ತು. 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ವರದಿ ಕೊಟ್ಟಾಗ ಅದನ್ನು ಓದಿ ನನಗೆ ಹೊಸದೆನ್ನಿಸಲಿಲ್ಲ. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಗಳಿಗೆ ಹೋಗುವವರು ಶೇ. 3ರಷ್ಟು ಮಾತ್ರ ಎಂದು ವರದಿ ಹೇಳಿತು. ಪೋಷಕರಿಗೆ ಓದಿನ ಬಗ್ಗೆ ದ್ವೇಷವಿಲ್ಲ, ಪ್ರಾಥಮಿಕ ಹಂತದ ನಂತರ ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶಾಲೆಯಿಲ್ಲದಿರುವುದೂ ಒಂದು ಕಾರಣ ಎಂದಿತು. ನಮ್ಮ ಎರಡು ನೋಟುಬುಕ್ಕುಗಳು ಹೇಳಿದ್ದೂ ಅದನ್ನೇ.

ಸಮೀಕ್ಷೆಯ ಕೊನೆಯ ಪ್ರಶ್ನೆಗೆ ಬಂದಾಗ ಕತೆ ಬೇರೆಯಾಯಿತು. ಹೆಣ್ಣು ಕೊಟ್ಟದ್ದು ತಂದದ್ದು ಎಲ್ಲಿ ಎಂದು ಕೇಳಿದಾಗ ಊರಿನ ಹೆಸರು ಸಲೀಸಾಗಿ ಬರುತ್ತಿತ್ತು. ‘ಯಾರಲ್ಲಿ?’ ಎಂದರೆ ಮಾತು ತೊಡರುತ್ತಿತ್ತು. ‘ನಮ್ಮವರಲ್ಲೇ’ ಎನ್ನುತ್ತಿದ್ದರು. ನಮ್ಮವರು ಎಂದರೆ? ‘ಬಿರಾದರಿಯವರು.’ ಅಷ್ಟರಲ್ಲಿ ಒಳಗಿನಿಂದ ಹಿರಿಯರೊಬ್ಬರ ದನಿ ಬರುತ್ತಿತ್ತು: ‘ಇಸ್ಲಾಮಿನಲ್ಲಿ ಜಾತಿ ಇಲ್ಲ, ಅದನ್ನು ಬರೀಬೇಡಿ.’

ಅವರು ಹೇಳಿದ್ದು ಸತ್ಯ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಲ್ಲಿ ಮೇಲು ಕೀಳಿಲ್ಲ. ನಮ್ಮ ದೀನ್ ಕೊಟ್ಟ ದೊಡ್ಡ ಆಸ್ತಿ ಅದು. ಆದರೆ ಅದೇ ಸಾಲಿನಲ್ಲಿ ನಿಂತ ಸೈಯದರ ಮನೆಗೂ ಪಿಂಜಾರರ ಮನೆಗೂ ಎಷ್ಟು ನಿಕಾಹ್‌ಗಳಾಗಿವೆ ಎಂದು ಲೆಕ್ಕ ಹಾಕಿದರೆ ನಮ್ಮ ನಲವತ್ತು ಮನೆಗಳಲ್ಲಿ ಒಂದೂ ಸಿಗಲಿಲ್ಲ. ಮುಸ್ಲಿಂ ವಿವಾಹದ ಪಾಠ ನಮ್ಮನ್ನು ಪುಸ್ತಕದ ನೋಟದಿಂದ ನೋಡಿತು ಎಂದು ನಾವು ಬೇಸರಪಟ್ಟಿದ್ದೆವು. ನಮ್ಮನ್ನು ನಾವು ನೋಡಿಕೊಳ್ಳುತ್ತಿದ್ದದ್ದೂ ಪುಸ್ತಕದ ನೋಟದಿಂದಲೇ. ಪುಸ್ತಕ ಮಾತ್ರ ಬೇರೆ.

ಗೆಳತಿ ಪಿಂಜಾರರವಳು. ಹತ್ತಿ ಹಿಂಜಿ ಗಾದಿ, ಕೌದಿ ತುಂಬಿಸುತ್ತಿದ್ದ ಜನ, ನದಾಫರೆಂದೂ ಕರೆಯುತ್ತಾರೆ. ಭುಜದ ಮೇಲೆ ದೊಡ್ಡ ಬಿಲ್ಲು ಹೊತ್ತು, ಅದರ ನಾರಿಯನ್ನು ಟಂಯ್ ಟಂಯ್ ಎನ್ನಿಸುತ್ತ ಬೀದಿಯಲ್ಲಿ ಬರುತ್ತಿದ್ದ ಅವಳ ಅಜ್ಜನನ್ನು ನಾನೂ ಕಂಡಿದ್ದೇನೆ. ಹಿಂಜುವ ಯಂತ್ರ ಬಂತು, ಫೋಮಿನ ಹಾಸಿಗೆ ಬಂತು, ಬಿಲ್ಲು ಅಟ್ಟ ಸೇರಿತು. ಅವಳ ಅಪ್ಪ ಮೋಟಾರು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ, ಹೆಸರಿನ ಹಿಂದೆ ಶೇಖ್ ಎಂದು ಬರೆಸಿಕೊಂಡಿದ್ದರು. ಹೋದ ವರ್ಷ ನೇಕಾರನಾಗಿದ್ದೆ, ಈ ವರ್ಷ ಶೇಖ್ ಆಗಿದ್ದೇನೆ, ಮುಂದಿನ ವರ್ಷ ಬೆಳೆಗೆ ಬೆಲೆ ಬಂದರೆ ಸೈಯದನಾಗುತ್ತೇನೆ ಎನ್ನುವ ಅರ್ಥದ ಹಳೆಯ ಗಾದೆಯೊಂದು ಉತ್ತರ ಭಾರತದ ಕಡೆ ಇದೆ. ಕೆಳಗಿನ ಜಾತಿಗಳು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದನ್ನು ಶ್ರೀನಿವಾಸರು 1952ರ ಕೊಡವರ ಕುರಿತ ಪುಸ್ತಕದಲ್ಲಿ ಸಂಸ್ಕೃತೀಕರಣ ಎಂದು ಕರೆದರು. ಮುಸ್ಲಿಮರಲ್ಲಿನ ಇಂಥದ್ದೇ ನಡೆಯನ್ನು ವಿದ್ವಾಂಸರು ಅಶ್ರಫೀಕರಣ ಎನ್ನುತ್ತಾರೆ. ಇಮ್ತಿಯಾಜ್ ಅಹ್ಮದ್ ಅವರು ಭಾರತೀಯ ಮುಸ್ಲಿಮರ ಜಾತಿ ಶ್ರೇಣಿಯ ಬಗ್ಗೆ ಸಂಪಾದಿಸಿದ ಗ್ರಂಥ ಬಂದದ್ದು 1973ರಲ್ಲಿ. ನಮ್ಮ ಬಿ.ಎ. ಪಾಠದವರೆಗೆ ಅದು ಇಳಿದು ಬಂದಿರಲಿಲ್ಲ.

ಗೆಳತಿಯ ಮನೆಯ ಇಕ್ಕಟ್ಟು ಇದು: ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಸಾಮಾನ್ಯ ಮುಸ್ಲಿಮರು 2ಬಿ. ಪ್ರವರ್ಗ 1ಕ್ಕೆ ಕೆನೆಪದರದ ಅಡ್ಡಿಯೂ ಇಲ್ಲ. ಡಿಗ್ರಿ ಮುಗಿಸಿ ಶಿಕ್ಷಕಿಯಾಗಬೇಕೆಂದಿದ್ದ ಅವಳಿಗೆ ಆ ಸರ್ಟಿಫಿಕೇಟು ಬೇಕಿತ್ತು. ತಾಯಿ ಬೇಡವೆಂದರು. ಶೇಖರ ಮನೆಯೊಂದರಿಂದ ಸಂಬಂಧ ಬಂದಿತ್ತು. ಪಿಂಜಾರ್ ಎಂದು ತಹಶೀಲ್ದಾರರ ಮುದ್ರೆ ಬಿದ್ದರೆ ಆ ಸಂಬಂಧ ಮುರಿಯುತ್ತದೆ. ಹಕ್ಕು ಬೇಕಾದರೆ ಹೆಸರು ಹೇಳಬೇಕು, ಮಾನ ಬೇಕಾದರೆ ಹೆಸರು ಅಡಗಿಸಬೇಕು.

ಅವಳು ಅತ್ತಳು. ಆಮೇಲೆ ನಮ್ಮ ನೋಟುಬುಕ್ಕನ್ನೇ ತಾಯಿಯ ಮುಂದೆ ಇಟ್ಟಳಂತೆ. ‘ನಾವೊಬ್ಬರೇ ಅಲ್ಲ ಅಮ್ಮಿ. ಈ ಗಲ್ಲಿಯಲ್ಲಿ ಹನ್ನೊಂದು ಮನೆಗಳು ನಮ್ಮಂಥವೇ. ಎಲ್ಲರೂ ಶೇಖ್ ಅಂತ ಬರೆಸಿದ್ದಾರೆ. ಅಜ್ಜ ಬಿಲ್ಲು ಹೊತ್ತು ದುಡಿದು ತಿಂದದ್ದು ಹರಾಮಿನ ಅನ್ನವಾ?’ ಎಂದು ಕೇಳಿದಳಂತೆ. ಸರ್ಟಿಫಿಕೇಟು ತೆಗೆಸಿದರು. ಆ ಸಂಬಂಧ ಮುರಿದೇ ಹೋಯಿತು. ಅವಳು ಶಿಕ್ಷಕಿಯಾದಳು. ಮೂರು ವರ್ಷದ ನಂತರ, ಹೆಸರು ಅಡಗಿಸಬೇಕಿಲ್ಲದ ಮನೆಯಲ್ಲಿ ಮದುವೆಯಾದಳು. ಇದನ್ನು ಗೆಲುವಿನ ಕತೆ ಎಂದು ಹೇಳಲಾರೆ. ಆ ಮೂರು ವರ್ಷ ಆ ಮನೆಯಲ್ಲಿ ಏನೇನು ನಡೆಯಿತೆಂದು ನನಗೆ ಗೊತ್ತಿದೆ. ಸಮಾಜಶಾಸ್ತ್ರ ಅವಳ ಕಷ್ಟ ಕಳೆಯಲಿಲ್ಲ, ನಾಚಿಕೆ ಕಳೆಯಿತು. ತನ್ನ ಮನೆಯ ಗುಟ್ಟು ಎಂದುಕೊಂಡದ್ದು ಒಂದು ಸಮಾಜದ ನಡೆ ಎಂದು ತಿಳಿದಮೇಲೆ ತಲೆ ತಗ್ಗಿಸಲು ಕಾರಣ ಉಳಿಯಲಿಲ್ಲ.

ಸಮಾಜಶಾಸ್ತ್ರಕ್ಕೂ ಕತೆಗೂ ನಂಟಿದೆ ಎಂದು ನಾನು ನಂಬುತ್ತೇನೆ. 1968ರಲ್ಲಿ ‘ಶಿವಾಪುರ’ ಎಂಬ ಹಳ್ಳಿಯ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಹಿರೇಮಲ್ಲೂರ ಈಶ್ವರನ್ ಕನ್ನಡದ ಕತೆಗಾರರೂ ಆಗಿದ್ದರು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಸಮಾಜಶಾಸ್ತ್ರದ ಪುಸ್ತಕವಲ್ಲದಿದ್ದರೂ ಅದು ಹುಟ್ಟಿದ್ದು ಊರೂರು ತಿರುಗಿ, ಜನರ ಬಾಯಿಂದ ಕೇಳಿ ಬರೆಯುವ ಶ್ರಮದಿಂದ. ನಮ್ಮ ಬಗ್ಗೆ ಬರೆದವರು ಬೇಕಾದಷ್ಟು ಜನ. ಗಲ್ಲಿಯ ಒಳಗಿಂದ, ಬಾಗಿಲು ತಟ್ಟಿ, ಕೇಳಿ ಬರೆದವರು ಕಡಿಮೆ. ನಮ್ಮ ಹುಡುಗಿಯರಿಗೆ ಆ ಬಾಗಿಲುಗಳು ತೆರೆಯುತ್ತವೆ. ಯಾವ ಪ್ರೊಫೆಸರರಿಗೂ ಸಿಗದ ಅನುಕೂಲ ಅದು.

ಈಗ ಕಾಲೇಜುಗಳು ಬದಲಾಗಿವೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ಪದವಿಗೆ ನಾಲ್ಕನೆಯ ವರ್ಷ ಸೇರಿತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. 2022ರ ಫೆಬ್ರವರಿಯ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಈ ನಡುವೆ ತಲೆಯ ಮೇಲಿನ ಬಟ್ಟೆಗಾಗಿ ಗೇಟಿನ ಹೊರಗೆ ನಿಂತ ಹುಡುಗಿಯರನ್ನು ನಾವೆಲ್ಲ ಟಿವಿಯಲ್ಲಿ ಕಂಡೆವು. ಅವರ ಬಗ್ಗೆ ಎಲ್ಲರೂ ಮಾತನಾಡಿದರು. ಅವರು ಎಷ್ಟನೆಯವರೆಗೆ ಓದಿದರು, ಬಿಟ್ಟವರು ಎಲ್ಲಿ ಹೋದರು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಅವರ ಜೊತೆಯವರಿಂದಲೇ ಆಗಬೇಕು.

2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ 2ಬಿಯ ಶೇ. 4 ಮೀಸಲಾತಿಯನ್ನು ತೆಗೆಯಲು ಹೊರಟು, ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ‘ಇದು ಧರ್ಮಕ್ಕೆ ಕೊಟ್ಟದ್ದೋ, ಹಿಂದುಳಿದಿರುವಿಕೆಗೆ ಕೊಟ್ಟದ್ದೋ?’ ಎಂದು ಚಹಾದಂಗಡಿಯಲ್ಲೂ ವಾದ ನಡೆಯಿತು. ಹಿಂದುಳಿದಿರುವಿಕೆಯನ್ನು ತೋರಿಸಲು ಲೆಕ್ಕ ಬೇಕು, ಘೋಷಣೆ ಸಾಲದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಜಾತಿಯ ಕಾಲಂನಲ್ಲಿ ಏನು ಬರೆಸಬೇಕೆಂಬ ಚರ್ಚೆ ಮಸೀದಿಯ ಅಂಗಳದಲ್ಲೂ ಎದ್ದಿತು. ಮುಂದಿನ ಜನಗಣತಿಯಲ್ಲೂ ಜಾತಿಯನ್ನು ಎಣಿಸುವುದಾಗಿ ಕೇಂದ್ರ ಸರ್ಕಾರ ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಕಟಿಸಿದೆ. ಅಂದರೆ ಗೆಳತಿಯ ಮನೆಯ ಇಕ್ಕಟ್ಟು ಈಗ ಪ್ರತಿ ಮನೆಯ ಬಾಗಿಲಿಗೆ ಬಂದಿದೆ. ಒಂದೇ ಉಮ್ಮತ್ ಎಂದು ಹೇಳಿ ಒಳಗಿನ ಬಡವರನ್ನು ಮರೆಯುವುದು ಒಂದು ದಾರಿ. ಒಳಗಿನ ಭೇದವನ್ನು ತೋರಿಸಿ ನಮ್ಮನ್ನು ಒಡೆಯಲು ಕಾದಿರುವವರ ಕೈಗೆ ಅದನ್ನು ಕೊಡುವುದು ಇನ್ನೊಂದು. ಇವೆರಡರ ನಡುವೆ ಸತ್ಯವನ್ನೂ ಹೇಳಿ ಒಗ್ಗಟ್ಟನ್ನೂ ಉಳಿಸಿಕೊಳ್ಳುವ ಕಷ್ಟದ ದಾರಿಯೊಂದಿದೆ. ಆ ದಾರಿಯಲ್ಲಿ ನಡೆಯಲು ಕಲಿಸುವ ವಿದ್ಯೆಗಳಲ್ಲಿ ಸಮಾಜಶಾಸ್ತ್ರವೂ ಒಂದು.

ಆದ್ದರಿಂದ ತಂದೆ ತಾಯಿಗಳಲ್ಲಿ ನನ್ನ ಅರಿಕೆ ಇಷ್ಟೆ: ಮಗಳಿಗೆ ಬೇರೆ ಸೀಟು ಸಿಗಲಿಲ್ಲವೆಂದು ಬಿ.ಎ.ಗೆ ಕಳುಹಿಸುತ್ತಿದ್ದರೂ ಸರಿ, ಕಳುಹಿಸಿ; ಆದರೆ ಅವಳು ಓದುವ ವಿಷಯವನ್ನು ಕಂಡು ನಗಬೇಡಿ. ಅವಳು ನೋಟುಬುಕ್ಕು ಹಿಡಿದು ಪ್ರಶ್ನೆ ಕೇಳಿದರೆ ಬಾಗಿಲು ಹಾಕಬೇಡಿ. ಉಪನ್ಯಾಸಕರಲ್ಲಿ ಇನ್ನೊಂದು ಅರಿಕೆ: ಗೈಡನ್ನು ಒಂದು ತಿಂಗಳು ಪಕ್ಕಕ್ಕಿಟ್ಟು ಅವರನ್ನು ಅವರವರ ಬೀದಿಗೆ ಕಳುಹಿಸಿ. ಅದಕ್ಕೆ ಅನುದಾನ ಬೇಕಿಲ್ಲ, ಕಂಪ್ಯೂಟರ್ ಬೇಕಿಲ್ಲ. ನಲವತ್ತು ಮನೆ, ನಾಲ್ಕೈದು ಪ್ರಶ್ನೆ, ಒಂದು ಪೆನ್ನು ಸಾಕು.